ಹಚ್ಚೆ ಪಾರ್ಟಿ ಮಾಡಿ, ಸೂಜಿಯನ್ನು ಮಾತ್ರ ಮನೆಗೆ ಕರೆಯಬೇಡಿ

ಮೊನ್ನೆ ಗೆಳತಿಯೊಬ್ಬಳು ಫೋನ್ ಮಾಡಿದ್ದಳು. ಕಾಲೇಜಿನಿಂದ ಜೊತೆಗಿರುವ ಆರು ಜನ ಸೇರಿ ಒಂದೇ ದಿನ ಹಚ್ಚೆ ಹಾಕಿಸಿಕೊಳ್ಳುವ ಯೋಚನೆ ಅವರದು. "ಆರ್ಟಿಸ್ಟನ್ನ ಮನೆಗೇ ಕರೆಸ್ತೀವಿ ಕಣೇ. ಹಾಲ್ ಖಾಲಿ ಮಾಡಿ, ಹಾಡು ಹಾಕ್ಕೊಂಡು ರಾತ್ರಿವರೆಗೂ ಕೂತ್ಕೊಳ್ಳೋದು. ನೀನೂ ಬಾ" ಅಂದಳು. ಅವಳ ಸಡಗರ ಕೇಳಿ ನನಗೂ ಖುಷಿಯಾಯಿತು. ಆದರೆ ಆ "ಮನೆಗೇ" ಅನ್ನುವ ಮಾತು ಕಿವಿಗೆ ಬಿದ್ದಿದ್ದೇ ನಾಲ್ಕು ವರ್ಷದ ಹಿಂದಿನ ಒಂದು ಸಂಜೆ ಕಣ್ಣ ಮುಂದೆ ಬಂತು. ಅವಳಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ದಯವಿಟ್ಟು ಓದಿ.

ಅವತ್ತು ಪರಿಚಯದವರ ಮನೆಯಲ್ಲಿ ಸೇರಿದ್ದೆವು. ಊಟದ ಮೇಜಿನ ಮೇಲೆ ಆನ್‌ಲೈನ್‌ನಲ್ಲಿ ತರಿಸಿದ ಟ್ಯಾಟೂ ಕಿಟ್ಟು. ಹಚ್ಚೆ ಹಾಕುತ್ತಿದ್ದ ಹುಡುಗ ಒಳ್ಳೆಯವನು, ಚೆನ್ನಾಗಿ ಚಿತ್ರ ಬರೆಯುತ್ತಿದ್ದ. ಕೈಗೆ ಕಪ್ಪು ಗ್ಲೋವ್ಸ್. ಒಬ್ಬೊಬ್ಬರಿಗೂ ಹೊಸ ಸೂಜಿಯ ಪ್ಯಾಕೆಟ್ ಒಡೆಯುತ್ತಿದ್ದ. ಎಷ್ಟು ನೀಟಾಗಿ ಮಾಡ್ತಿದ್ದಾನೆ ಅಂತ ನಾವೆಲ್ಲ ಮಾತಾಡಿಕೊಂಡೆವು. ಅಷ್ಟರಲ್ಲಿ ಅವನ ಫೋನ್ ಹೊಡೆದುಕೊಂಡಿತು. ಗ್ಲೋವ್ಸ್ ಹಾಕಿದ ಕೈಯಲ್ಲೇ ಫೋನ್ ಎತ್ತಿದ, ಕಟ್ ಮಾಡಿದ, ಪಕ್ಕಕ್ಕಿಟ್ಟ. ಅದೇ ಕೈಯಲ್ಲಿ ಮತ್ತೆ ಚರ್ಮ ಎಳೆದು ಹಿಡಿದ. ಕಪ್ಪು ಗ್ಲೋವ್ಸ್ ಮೇಲೆ ರಕ್ತ ಅಂಟಿದ್ದರೂ ಕಾಣುವುದಿಲ್ಲ. ಸ್ವಲ್ಪ ಹೊತ್ತಿಗೆ ಇನ್ನೊಬ್ಬಳು ಅದೇ ಫೋನ್ ತೆಗೆದುಕೊಂಡು ಹಾಡು ಬದಲಾಯಿಸಿದಳು. ಆಮೇಲೆ ತಿಂಡಿ ತಟ್ಟೆಗೆ ಕೈ ಹಾಕಿದಳು.

ಇನ್ನೊಂದು ವಿಷಯ ನನಗೆ ಹೊಳೆದಿದ್ದು ಮನೆಗೆ ಬಂದ ಮೇಲೆ. ಇಂಕು ಹಾಕಿದ್ದ ಪುಟ್ಟ ಬಟ್ಟಲನ್ನು ಅವನು ಬದಲಾಯಿಸಲೇ ಇಲ್ಲ. ಮೊದಲನೆಯವಳಿಗೆ ಹಾಕಿ ಮಿಕ್ಕಿದ ಕಪ್ಪಿನಲ್ಲೇ ಎರಡನೆಯವಳಿಗೂ ಅದ್ದಿದ. ಸೂಜಿ ಹೊಸದೇ. ಆದರೆ ಮೊದಲ ಸೂಜಿ ಅವಳ ಚರ್ಮಕ್ಕೆ ಹೋಗಿ, ಆ ಇಂಕಿಗೆ ಬಂದು, ಮತ್ತೆ ಚರ್ಮಕ್ಕೆ ಹೋಗಿ, ಹಾಗೆ ಎಷ್ಟು ಸಲ ಅದ್ದಿಸಿಕೊಂಡಿತ್ತೋ! ಅವಳ ರಕ್ತ ಇದ್ದ ಇಂಕಿಗೇ ಹೊಸ ಸೂಜಿ ಇಳಿಯಿತು.

ಆ ಎರಡನೆಯವಳು ನಾನು.

ಒಂದು ವಾರದಲ್ಲಿ ಮಣಿಕಟ್ಟು ಊದಿ ಕೀವು ತುಂಬಿಕೊಂಡಿತು. ಅದು ಮಾತ್ರೆಗೆ ಇಳಿಯಿತು. ಇಳಿಯದೆ ಉಳಿದಿದ್ದು ಭಯ. ಡಾಕ್ಟರ್ ಕೂಡಲೇ ಒಂದು ಸಲ ರಕ್ತ ಪರೀಕ್ಷೆ ಮಾಡಿಸಿದರು. ಹೆಪಟೈಟಿಸ್ (ಲಿವರ್‌ಗೆ ತಗಲುವ ಸೋಂಕು), ಎಚ್‌ಐವಿಯಂಥವು ಮೊದಲ ದಿನವೇ ರಿಪೋರ್ಟಿನಲ್ಲಿ ಕಾಣುವುದಿಲ್ಲ, ಮತ್ತೆ ಮತ್ತೆ ಮಾಡಿಸಬೇಕು ಅಂದರು. ಕೊನೆಯ ರಿಪೋರ್ಟ್ ಕೈಗೆ ಬರುವ ಹೊತ್ತಿಗೆ ಆರು ತಿಂಗಳಾಗಿತ್ತು. ಏನೂ ಇರಲಿಲ್ಲ. ಆದರೆ ಆ ಆರು ತಿಂಗಳು ನಾನು ನನ್ನ ಟೂತ್‌ಬ್ರಶ್ ಕೂಡ ಬೇರೆ ಇಟ್ಟುಕೊಂಡಿದ್ದೆ. ಅದು ಯಾರಿಗೂ ಬೇಡ ಅಂತಲೇ ಇದನ್ನೆಲ್ಲ ಬರೆಯುತ್ತಿರುವುದು.

ಹಚ್ಚೆ ಅಂದರೆ ಚರ್ಮದ ಮೇಲೆ ಬರೆಯುವ ಚಿತ್ರ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ಮೇಲ್ಪದರ ದಿನಾ ಉದುರಿ ಹೋಗುತ್ತಲೇ ಇರುತ್ತದೆ, ಅಲ್ಲಿ ಹಾಕಿದ ಬಣ್ಣ ನಿಲ್ಲುವುದಿಲ್ಲ. ಅದಕ್ಕೇ ಸೂಜಿ ಒಂದೆರಡು ಮಿಲಿಮೀಟರ್ ಕೆಳಗೆ, ರಕ್ತನಾಳಗಳು ಓಡಾಡುವ ಪದರಕ್ಕೆ ಇಳಿಯಲೇಬೇಕು. ಹಾಗಾಗಿ ಎಷ್ಟು ಪುಟ್ಟ ಹಚ್ಚೆಯಾದರೂ ಅದೊಂದು ತೆರೆದ ಗಾಯ. ಹೆಪಟೈಟಿಸ್ ಬಿ ವೈರಸ್ಸು ದೇಹದ ಹೊರಗೆ, ಒಣಗಿದ ರಕ್ತದಲ್ಲಿ, ಕನಿಷ್ಠ 7 ದಿನ ಜೀವಂತ ಇರಬಲ್ಲದು. ಅಂದರೆ ಭಾನುವಾರದ ಪಾರ್ಟಿಯಲ್ಲಿ ಸೋಫಾಗೆ ಅಂಟಿದ ಒಂದು ಹನಿ ಮುಂದಿನ ಶನಿವಾರಕ್ಕೂ ಅಪಾಯವೇ. ಬಿ ತಡೆಯಲು ಲಸಿಕೆ ಇದೆ. ಹಚ್ಚೆಯ ಯೋಚನೆ ಇದ್ದವರು ಕೆಲವು ತಿಂಗಳು ಮುಂಚೆಯೇ ಡಾಕ್ಟರ್ ಹತ್ತಿರ ಕೇಳಿ ಅದನ್ನು ಪೂರ್ತಿ ಮಾಡಿಕೊಳ್ಳಿ. ಹೆಪಟೈಟಿಸ್ ಸಿಗೆ ಇನ್ನೂ ಲಸಿಕೆ ಇಲ್ಲ.

"ಸೂಜಿನ ಕುದಿಯೋ ನೀರಲ್ಲಿ ಹಾಕಿದ್ರೆ ಸಾಕಲ್ವಾ?" ಅಂತ ನನ್ನ ಗೆಳತಿ ಕೇಳಿದಳು. ಸಾಲದು. ನೀರು ಕುದಿಯುವುದು 100 ಡಿಗ್ರಿಗೆ. ಕೆಲವು ಬ್ಯಾಕ್ಟೀರಿಯಾದ ಬೀಜಕಣಗಳು ಅದನ್ನೂ ತಡೆದುಕೊಳ್ಳುತ್ತವೆ. ಆಟೋಕ್ಲೇವ್ ಅನ್ನುವ ಯಂತ್ರ ಹಬೆಯನ್ನು ಒತ್ತಡದಲ್ಲಿಟ್ಟು 121 ಡಿಗ್ರಿಗೆ ಏರಿಸಿ, ಕಾಲು ಗಂಟೆಗೂ ಜಾಸ್ತಿ ಹಿಡಿದಿಡುತ್ತದೆ. ಸ್ಪಿರಿಟ್ಟಿನಲ್ಲಿ ಒರೆಸುವುದು, ಮೇಣದಬತ್ತಿಗೆ ಹಿಡಿಯುವುದು ಇವೆಲ್ಲ ಲೆಕ್ಕಕ್ಕೇ ಇಲ್ಲ.

ಸೂಜಿಯ ಬಗ್ಗೆ ಕೇಳುವವರು ಇಂಕಿನ ಬಗ್ಗೆ ಕೇಳುವುದಿಲ್ಲ. 2011ರ ಕೊನೆಯಲ್ಲಿ ಅಮೆರಿಕದ ರೋಚೆಸ್ಟರ್‌ನಲ್ಲಿ 19 ಜನರಿಗೆ ಹಚ್ಚೆಯ ಮೇಲೆ ವಾಸಿಯಾಗದ ಗುಳ್ಳೆಗಳೆದ್ದವು. ಹುಡುಕುತ್ತಾ ಹೋದರೆ ಸಿಕ್ಕಿದ್ದು ಮೊದಲೇ ತೆಳು ಮಾಡಿ ಬಾಟಲಿಗೆ ತುಂಬಿದ್ದ ಬೂದು ಬಣ್ಣದ ಇಂಕು. ಅದರಲ್ಲಿ ನೀರಿನಲ್ಲೂ ಮಣ್ಣಿನಲ್ಲೂ ಇರುವಂಥ ಮೈಕೋಬ್ಯಾಕ್ಟೀರಿಯಂ ಅನ್ನುವ ಬ್ಯಾಕ್ಟೀರಿಯಾ ಸೇರಿಕೊಂಡಿತ್ತು. ಪ್ಯಾಕೆಟ್ಟಿನ ಇಂಕಿನಲ್ಲೇ ಹೀಗಾದರೆ, ಮನೆಯಲ್ಲಿ ನಲ್ಲಿ ನೀರು ಬೆರೆಸಿ ಶೇಡಿಂಗ್ ಮಾಡುವವರ ಕಥೆ ಏನು? ಇಂಕು ತೆಳು ಮಾಡಲು ಸ್ಟೆರೈಲ್ ನೀರೇ, ಅಂದರೆ ಯಾವ ರೋಗಾಣುವೂ ಇಲ್ಲದ ನೀರೇ ಬೇಕು.

ಈಗ ಕಾನೂನಿನ ಮಾತು. ತುಂಬಾ ಜನಕ್ಕೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಎಷ್ಟೋ ಕಡೆ ಲೈಸೆನ್ಸು ಆರ್ಟಿಸ್ಟಿಗೆ ಮಾತ್ರ ಕೊಡುವುದಲ್ಲ, ಜಾಗಕ್ಕೂ ಕೊಡುವುದು. ಕೈ ತೊಳೆಯುವ ಬೇಸಿನ್ ಎಲ್ಲಿದೆ, ನೆಲ ಒರೆಸಲು ಬರುತ್ತದಾ, ಸೂಜಿ ಕಸ ಎಲ್ಲಿಗೆ ಹೋಗುತ್ತದೆ ಅಂತ ಬಂದು ನೋಡಿ ಕೊಟ್ಟಿರುತ್ತಾರೆ. ಅದೇ ಆರ್ಟಿಸ್ಟು ಅದೇ ಮಷೀನು ಹಿಡಿದುಕೊಂಡು ನಿಮ್ಮ ಮನೆಗೆ ಬಂದರೆ ಆ ಲೈಸೆನ್ಸು ಅಲ್ಲಿ ನಡೆಯುವುದಿಲ್ಲ. ಕೆಲವು ಕಡೆ ಹೊರಗಿನ ಕಾರ್ಯಕ್ರಮಕ್ಕೆ ಅಂತ ತಾತ್ಕಾಲಿಕ ಪರವಾನಗಿ ಕೊಡುತ್ತಾರೆ. ನಿಮ್ಮಲ್ಲಿ ಹೇಗೆ ಅಂತ ಸ್ಥಳೀಯ ಆರೋಗ್ಯ ಇಲಾಖೆಯಲ್ಲಿ ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ಆರ್ಟಿಸ್ಟ್ "ಅದೆಲ್ಲ ಏನೂ ಆಗಲ್ಲ, ನಾನಿದ್ದೀನಿ" ಅಂದರೆ ಅವರನ್ನು ಅಲ್ಲಿಗೇ ಬಿಟ್ಟುಬಿಡಿ. ಲೈಸೆನ್ಸನ್ನು ಹಗುರವಾಗಿ ನೋಡುವವರು ಗ್ಲೋವ್ಸನ್ನು ಮಾತ್ರ ಗಂಭೀರವಾಗಿ ನೋಡುತ್ತಾರೆ ಅಂತ ನನಗೆ ಅನ್ನಿಸುವುದಿಲ್ಲ.

ಹಾಗಂತ ಕಾನೂನು ಎಲ್ಲ ಕಡೆ ಒಂದೇ ಥರ ಇಲ್ಲ, ಬದಲಾಗುತ್ತಲೂ ಇರುತ್ತದೆ. ನ್ಯೂಯಾರ್ಕ್ ನಗರ 1961ರಲ್ಲಿ ಹೆಪಟೈಟಿಸ್ ಬಿ ಕಾರಣ ಕೊಟ್ಟು ಹಚ್ಚೆಯನ್ನೇ ನಿಷೇಧ ಮಾಡಿತು. ತೆಗೆದಿದ್ದು 1997ರಲ್ಲಿ. ಅಷ್ಟೂ ವರ್ಷ ಆರ್ಟಿಸ್ಟುಗಳು ಅಪಾರ್ಟ್‌ಮೆಂಟ್‌ಗಳ ಒಳಗೆ, ಬಾಗಿಲು ಹಾಕಿಕೊಂಡು ಕೆಲಸ ಮಾಡಿದರು. ದಕ್ಷಿಣ ಕೊರಿಯಾದಲ್ಲಿ 1992ರ ತೀರ್ಪಿನ ನಂತರ ಡಾಕ್ಟರ್ ಅಲ್ಲದವರು ಹಚ್ಚೆ ಹಾಕುವುದು ಅಪರಾಧವಾಗಿತ್ತು. ಅದನ್ನು ಬದಲಿಸುವ ಕಾಯ್ದೆಗೆ ಅಲ್ಲಿನ ಸಂಸತ್ತು ಒಪ್ಪಿಗೆ ಕೊಟ್ಟಿದ್ದು 2025ರಲ್ಲಿ. ನಿಷೇಧ ಮಾಡಿದರೆ ಸೂಜಿ ನಿಲ್ಲುವುದಿಲ್ಲ, ಕಣ್ಣಿಗೆ ಕಾಣದ ಕಡೆ ಹೋಗುತ್ತದೆ ಅಷ್ಟೇ. ಅದಕ್ಕೇ ನಾನು ಪರವಾನಗಿಯ ಪರ, ನಿಷೇಧದ ಪರ ಅಲ್ಲ. ನಿಯಮ ಸರಿಯಾಗಿ ಇಲ್ಲದ ಕಡೆ ಇದ್ದೀರಾದರೆ ನಿಮ್ಮ ಜವಾಬ್ದಾರಿ ಇನ್ನೂ ಜಾಸ್ತಿ. ಆಗ ಆರೋಗ್ಯ ಇಲಾಖೆಯ ಅಧಿಕಾರಿ ನೋಡಬೇಕಾದ್ದನ್ನೆಲ್ಲ ನೀವೇ ನೋಡಬೇಕು. ಮತ್ತೆ, 18 ತುಂಬದವರಿಗೆ ಬೇಡವೇ ಬೇಡ. ಅಪ್ಪ ಅಮ್ಮ ಒಪ್ಪಿದ್ದಾರೆ ಅಂದರೂ ಬೇಡ.

ಹಾಗಾದರೆ ಪಾರ್ಟಿ? ಖಂಡಿತ ಮಾಡಬಹುದು. ಹೋದ ವರ್ಷ ನಾವು ಐದು ಜನ ಮಾಡಿದೆವು. ಆರ್ಟಿಸ್ಟನ್ನು ಮನೆಗೆ ಕರೆಯಲಿಲ್ಲ, ಸ್ಟುಡಿಯೋವನ್ನೇ ಒಂದು ದಿನಕ್ಕೆ ಬುಕ್ ಮಾಡಿದೆವು. ಪಾರ್ಟಿಯನ್ನು ಎರಡು ತುಂಡು ಮಾಡಿದೆವು. ಮೊದಲನೆಯದು ಎರಡು ವಾರ ಮುಂಚೆ, ಮನೆಯಲ್ಲಿ. ಎಲ್ಲರೂ ತಮ್ಮ ತಮ್ಮ ಡಿಸೈನು ತಂದು, ಪೆನ್ನಿನಲ್ಲಿ ಒಬ್ಬರ ಕೈ ಮೇಲೆ ಒಬ್ಬರು ಬರೆದೆವು. ಹಾಡು, ಊಟ, ನಗು ಎಲ್ಲ ಆ ರಾತ್ರಿಯೇ. ಆ ಗೆರೆ ಅಳಿಸಿದಾಗೆಲ್ಲ ಮತ್ತೆ ಬರೆದುಕೊಂಡು ಒಂದು ವಾರ ಓಡಾಡುವುದು ಅಂತ ಮಾತಾಯಿತು. ಆಫೀಸಿಗೆ ಹೋಗಿ, ಸ್ನಾನ ಮಾಡಿ, ಕನ್ನಡಿ ನೋಡಿಕೊಂಡು ಬಂದ ಮೇಲೆ ಇಬ್ಬರು ಜಾಗ ಬದಲಾಯಿಸಿದರು. ಒಬ್ಬಳು ಡಿಸೈನನ್ನೇ ಬದಲಾಯಿಸಿದಳು.

ಇನ್ನು ಒತ್ತಾಯದ ವಿಷಯ. ಗೆಳೆಯರ ಗುಂಪಿನಲ್ಲಿ "ಬೇಡ" ಅನ್ನುವುದು ಎಷ್ಟು ಕಷ್ಟ ಅಂತ ನಮಗೆಲ್ಲ ಗೊತ್ತು. ಯಾರೂ ಬಲವಂತ ಮಾಡುವುದಿಲ್ಲ. "ಏಯ್, ನೀನೊಬ್ಬಳೇ ಇಲ್ದಿದ್ರೆ ಹೇಗೆ" ಅನ್ನುತ್ತಾರೆ, ಅಷ್ಟು ಸಾಕು. ನಾಲ್ಕು ವರ್ಷದ ಹಿಂದೆ ನಾನು ಕೈ ಚಾಚಿದ್ದೂ ಆ ಒಂದು ಮಾತಿಗೇ. ಅದಕ್ಕೆ ಈ ಸಲ ನಾನು ಎಲ್ಲರಿಗೂ ಒಂದು ಮಾತು ಕೊಟ್ಟೆ. ಹಿಂದಿನ ರಾತ್ರಿವರೆಗೂ ನನಗೊಬ್ಬಳಿಗೇ ಮೆಸೇಜ್ ಹಾಕಿ "ಬೇಡ" ಅಂದರೆ ಸಾಕು. ಕಾರಣ ಕೇಳುವುದಿಲ್ಲ, ಕಟ್ಟಿದ ಅಡ್ವಾನ್ಸ್ ಅವರಿಂದ ವಸೂಲಿ ಮಾಡುವುದಿಲ್ಲ, ಗುಂಪಿನಲ್ಲಿ ಹೇಳುವುದೂ ಇಲ್ಲ. ಒಬ್ಬರು ಮೆಸೇಜ್ ಹಾಕಿದರು. ಅವರ ಸಮಯವನ್ನು ಆರ್ಟಿಸ್ಟ್ ಬೇರೆಯವರ ಶೇಡಿಂಗಿಗೆ ಬಳಸಿದರು. ಅವರು ದಿನವಿಡೀ ಜೊತೆಗೇ ಇದ್ದರು.

ಆರೋಗ್ಯದ ಫಾರಂ ಕೂಡ ಒಬ್ಬೊಬ್ಬರೇ ಕೂತು ತುಂಬಲಿ. ಬಸುರಿಯಾಗಿದ್ದರೆ, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಗಾಯದ ಕಲೆ ಉಬ್ಬಿ ಗಂಟಾಗುವ ಚರ್ಮವಾದರೆ ಅದು ಆರ್ಟಿಸ್ಟಿಗೆ ಗೊತ್ತಾಗಬೇಕು. ನಾಲ್ಕು ಜನರ ಎದುರು ಯಾರೂ ಅದನ್ನು ಹೇಳುವುದಿಲ್ಲ. ಕುಡಿತ ಹಿಂದಿನ ದಿನದಿಂದಲೇ ಬೇಡ. ಕುಡಿದಾಗ ರಕ್ತ ಜಾಸ್ತಿ ಬರುತ್ತದೆ ಅನ್ನುವುದು ಒಂದು ಕಾರಣ. ಕುಡಿದವರ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಅನ್ನುವುದು ದೊಡ್ಡ ಕಾರಣ.

ಸಮಯದ ಲೆಕ್ಕ ಎಲ್ಲರೂ ತಪ್ಪುತ್ತಾರೆ. ಅಂಗೈಯಗಲದ ಚಿತ್ರಕ್ಕೆ ಗೆರೆ ಎಳೆಯುವ ಹೊತ್ತು ಮಾತ್ರ ಲೆಕ್ಕ ಹಾಕಿದರೆ ಆಗಲಿಲ್ಲ. ಒಬ್ಬರು ಎದ್ದ ಮೇಲೆ ಕುರ್ಚಿ ಒರೆಸಬೇಕು, ಮಷೀನು, ವೈರು, ಸ್ಪ್ರೇ ಬಾಟಲಿಗೆ ಸುತ್ತಿದ ಪ್ಲಾಸ್ಟಿಕ್ ಕಿತ್ತು ಹೊಸದು ಸುತ್ತಬೇಕು, ಹೊಸ ಬಟ್ಟಲಿಗೆ ಹೊಸ ಇಂಕು ಸುರಿಯಬೇಕು. ನಾವು ಇಬ್ಬರು ಆರ್ಟಿಸ್ಟುಗಳನ್ನು ಕೇಳಿದ್ದೆವು, ಡಿಸೈನುಗಳನ್ನು ಚಿಕ್ಕದಾಗಿಟ್ಟಿದ್ದೆವು, ಆದರೂ ಬೆಳಗ್ಗೆ ಹೋದವರು ಕತ್ತಲಾದ ಮೇಲೆ ಬಂದೆವು. ಅವಸರ ಮಾಡಿದರೆ ಮೊದಲು ಬಿಟ್ಟುಹೋಗುವುದೇ ಆ ಒರೆಸುವ ಕೆಲಸ.

ನನ್ನ ಸರದಿ ಬಂದಾಗ ನಾನು ಕೈಗಳನ್ನೇ ನೋಡುತ್ತಿದ್ದೆ. ನನಗೆ ಹಚ್ಚೆ ಹಾಕುತ್ತಿದ್ದ ಆರ್ಟಿಸ್ಟ್ ಒಬ್ಬ ಹೆಂಗಸು. ಆಕೆ ಸೂಜಿಯ ಪ್ಯಾಕೆಟ್ ನನ್ನ ಮುಂದೆ ಹಿಡಿದು, ಎಕ್ಸ್‌ಪೈರಿ ತಾರೀಖು ತೋರಿಸಿ, ಆಮೇಲೆ ಒಡೆದರು. ಕೂದಲು ತೆಗೆಯಲು ಹೊಸ ರೇಜರ್, ಕೆಲಸ ಮುಗಿದ ಕೂಡಲೇ ಅದು ಸೂಜಿ ಹಾಕುವ ಗಟ್ಟಿ ಡಬ್ಬಿಗೆ. ಮಧ್ಯದಲ್ಲಿ ಬಾಗಿಲ ಬೆಲ್ಲಾಯಿತು. ಆಕೆ ಗ್ಲೋವ್ಸ್ ಕಳಚಿ ಎಸೆದು, ಹೋಗಿ ಬಾಗಿಲು ತೆಗೆದು, ಬಂದು ಕೈ ತೊಳೆದು, ಹೊಸ ಜೊತೆ ಹಾಕಿಕೊಂಡರು. ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನನಗೆ ಕಣ್ಣು ತುಂಬಿ ಬಂತು. ನೋವಾಯ್ತಾ ಅಂತ ಆಕೆ ಕೇಳಿದರು.

ಹೊಟ್ಟೆ ತುಂಬ ತಿಂದು ಹೋಗಿ, ಇಲ್ಲದಿದ್ದರೆ ತಲೆ ಸುತ್ತಿ ಬೀಳುವವರು ಒಬ್ಬರಾದರೂ ಇರುತ್ತಾರೆ. ಕೆಲಸ ನಡೆಯುವ ಕೋಣೆಯಲ್ಲಿ ಮಾತ್ರ ತಿನ್ನುವುದು ಬೇಡ. ಹಾಕಿಸಿಕೊಂಡ ಮೇಲೆ ಕೆಲವು ತಿಂಗಳು ರಕ್ತದಾನ ಮಾಡಲು ಬಿಡುವುದಿಲ್ಲ, ದಾನ ಮಾಡುವವರಿದ್ದರೆ ಮುಂಚೆಯೇ ಮಾಡಿ ಬನ್ನಿ. ಎರಡು ಮೂರು ವಾರ ಈಜು ಬೇಡ, ಬಿಸಿಲು ಬೇಡ, ಹೊಪ್ಪಳೆ ಕೀಳುವುದು ಬೇಡ.

ನಾವು ಒಂದು ಗ್ರೂಪ್ ಮಾಡಿಕೊಂಡು ಹತ್ತು ದಿನ ರಾತ್ರಿ ರಾತ್ರಿ ಫೋಟೊ ಹಾಕುತ್ತಿದ್ದೆವು. ಆರ್ಟಿಸ್ಟನ್ನೂ ಸೇರಿಸಿಕೊಂಡಿದ್ದೆವು. ನಾಲ್ಕನೇ ದಿನ ಒಬ್ಬಳ ಭುಜದ ಮೇಲೆ ಕೆಂಪು ಹರಡುತ್ತಿತ್ತು, ಮುಟ್ಟಿದರೆ ಬಿಸಿ. ಫೋಟೊ ನೋಡಿ ಆರ್ಟಿಸ್ಟ್ ಒಂದೇ ಸಾಲು ಬರೆದರು: "ಕ್ರೀಮ್ ಹಚ್ಚುತ್ತಾ ಕೂರಬೇಡಿ, ಬೆಳಗ್ಗೆ ಡಾಕ್ಟರ್ ಹತ್ತಿರ ಹೋಗಿ." ಹೋದಳು. ವಾರದಲ್ಲಿ ವಾಸಿಯಾಯಿತು, ಗೆರೆ ಕೂಡ ಕೆಡಲಿಲ್ಲ.

ನನ್ನ ಗೆಳತಿ ನಿನ್ನೆ ಮೆಸೇಜ್ ಮಾಡಿದ್ದಾಳೆ. ಲೈಸೆನ್ಸ್ ಇರುವ ಸ್ಟುಡಿಯೋ ಸಿಕ್ಕಿದೆಯಂತೆ, ಇಬ್ಬರು ಆರ್ಟಿಸ್ಟುಗಳಂತೆ. ತಾರೀಖು ಒಂದು ತಿಂಗಳು ಮುಂದೆ ಹೋಗಿದೆ. ಆರು ಜನರಲ್ಲಿ ಒಬ್ಬರು ಅವಳೊಬ್ಬಳಿಗೇ ಬರೆದು ಬೇಡ ಅಂದರಂತೆ. ಯಾರು ಅಂತ ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.