ದೋಣಿ ಬಂದಿದೆ, ನೀರು ಮಂಜೂರಾಗಿದೆ

ನಮ್ಮೂರ ಕೆರೆಯ ಅಂಚಿನಲ್ಲಿ ಒಂದು ಬೋರ್ಡ್ ಇದೆ. ನೀಲಿ ಬಣ್ಣ, ಬಿಳಿ ಅಕ್ಷರ. ‘ಎಚ್ಚರಿಕೆ! ಕೆರೆ ಆಳವಾಗಿದೆ. ಈಜುವುದನ್ನು ನಿಷೇಧಿಸಲಾಗಿದೆ.’ ಅದನ್ನು ನೆಟ್ಟ ವರ್ಷ ಕೆರೆಯಲ್ಲಿ ಒಂದು ಚೊಂಬು ನೀರಿರಲಿಲ್ಲ. ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಬೋರ್ಡಿಗೆ ಬಾಲ್ ಬಡಿದರೆ ನಾಲ್ಕು, ಮೇಲಿಂದ ಹಾರಿದರೆ ಸಿಕ್ಸರ್. ಬಡಿದು ಬಡಿದು ‘ಆಳ’ ಅನ್ನುವ ಎರಡಕ್ಷರದ ಬಣ್ಣ ಹೋಗಿ, ಈಗ ‘ಕೆರೆ ...ವಾಗಿದೆ’ ಅಂತ ಮಾತ್ರ ಉಳಿದಿದೆ. ಏನಾಗಿದೆ ಅನ್ನುವುದನ್ನು ಓದಿದವರೇ ತುಂಬಿಕೊಳ್ಳಬೇಕು.

ಬೋರ್ಡಿನ ಹಿಂದೆಯೇ ಎರಡು ಹಂಸ ಬಂದವು. ಪೆಡಲ್ ತುಳಿಯುವ ಫೈಬರ್ ಹಂಸಗಳು. ಅವುಗಳ ಹಿಂದೆ ತಗಡಿನ ಟಿಕೆಟ್ ಗೂಡು, ದೊಡ್ಡವರಿಗೆ 50, ಮಕ್ಕಳಿಗೆ 30. ಕೆಳಗೆ ಕೆಂಪಕ್ಷರದಲ್ಲಿ ‘ಲೈಫ್ ಜಾಕೆಟ್ ಕಡ್ಡಾಯ’. ಜಾಕೆಟ್‌ಗಳೂ ಬಂದವು, ಕವರ್ ಸಮೇತ. ಯಾವ ಇಲಾಖೆ ತಂದಿದ್ದು ಅಂತ ಹೇಳುವುದಿಲ್ಲ. ಹೇಳಿದರೆ ಇನ್ನೊಂದು ಇಲಾಖೆಗೆ ಬೇಜಾರಾಗುತ್ತದೆ. ಹಂಸಗಳನ್ನು ಹೊಂಗೆ ಮರದ ಕೆಳಗೆ ಇಳಿಸಿದರು, ಪೂಜೆ ಮಾಡಿದರು, ಫೋಟೋ ತೆಗೆಸಿಕೊಂಡರು. ಅಂದಿನಿಂದ ಅವು ಅಲ್ಲೇ ಇವೆ. ಒಂದರ ಕತ್ತು ಮುರಿದಿದೆ. ಇನ್ನೊಂದರ ಹಿಂದಿನ ಸೀಟಿನಲ್ಲಿ ಪಕ್ಕದ ಮನೆಯ ನಾಟಿಕೋಳಿ ಕಾವಿಗೆ ಕೂತಿತ್ತು. ಹಂಸ ಆ ವರ್ಷ ಒಂಬತ್ತು ಮರಿ ಮಾಡಿತು ಅಂತಲೇ ಲೆಕ್ಕ.

ಇಷ್ಟೆಲ್ಲ ನೋಡಿಯೂ ನನಗೆ ಬುದ್ಧಿ ಬರಲಿಲ್ಲ. ನನಗೂ ಒಂದು ಸ್ವಂತ ದೋಣಿ ಬೇಕು. ಪೆಡಲಿನದಲ್ಲ, ಮೋಟಾರಿನದೂ ಅಲ್ಲ. ಹಾಯಿ ದೋಣಿ.

ಈ ಕಾಯಿಲೆ ಅಂಟಿದ್ದು ಮೈಸೂರಿನ ಹತ್ತಿರ, ಕೆಆರ್‌ಎಸ್ ಹಿನ್ನೀರಿನಲ್ಲಿ. ಅಲ್ಲಿ ಸೈಲಿಂಗ್ ಕಲಿಸುತ್ತಾರೆ. ಒಂದು ಬೆಳಗ್ಗೆ ಹೋಗಿ ಕೂತೆ. ಕಲಿಸುವ ಹುಡುಗ ‘ಅಂಕಲ್, ಶೀಟ್ ಎಳೀರಿ’ ಅಂದ. ನಾನು ಶೀಟ್ ಹುಡುಕಿದೆ. ನಮ್ಮ ಕಡೆ ಶೀಟ್ ಅಂದರೆ ದನದ ಕೊಟ್ಟಿಗೆಗೆ ಹೊದಿಸುವ ಸಿಮೆಂಟ್ ಶೀಟ್. ಅವರಲ್ಲಿ ಹಾಯಿಯನ್ನು ಹಿಡಿದು ಬಿಡುವ ಹಗ್ಗಕ್ಕೆ ಶೀಟ್ ಅನ್ನುತ್ತಾರಂತೆ. ಅಷ್ಟರಲ್ಲಿ ‘ಅಂಕಲ್, ತಲೆ!’ ಅಂದ. ಅವನ ‘ಲೆ’ ಮುಗಿಯುವ ಮುಂಚೆ ಹಾಯಿಯ ಕೆಳಗಿನ ಅಡ್ಡಕೋಲು ಬಂದು ನನ್ನ ಹಣೆಗೆ ಬಡಿಯಿತು. ಅದಕ್ಕೆ ಬೂಮ್ ಅಂತ ಹೆಸರು. ಸದ್ದು ಕೇಳಿಯೇ ಇಟ್ಟಿರಬೇಕು. ಆದರೆ ಆಮೇಲೆ ಹಾಯಿ ಗಾಳಿ ತುಂಬಿಕೊಂಡಿತು. ಡೀಸೆಲ್ ಇಲ್ಲ, ಸದ್ದಿಲ್ಲ, ನೀರು ಮಾತ್ರ ಹಲಗೆಗೆ ತಾಗಿ ಲೊಚಲೊಚ ಅನ್ನುತ್ತಿತ್ತು. ಬೋರ್‌ವೆಲ್ ಮೋಟಾರಿನ ಸದ್ದಿಲ್ಲದೆ ಅಷ್ಟು ನೀರನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಕೋಲಾರಕ್ಕೆ ಬಂದವನು ದೋಣಿ ವಿಚಾರಿಸಿದೆ. ಅಗ್ಗದಲ್ಲಿ, ಸಣ್ಣದರಲ್ಲಿ ಒಂದಿದೆ. ಏಳೂಮುಕ್ಕಾಲು ಅಡಿ ಉದ್ದ, ತೂಕ 35 ಕೆಜಿ. ಒಂದು ಮೂಟೆ ಸಿಮೆಂಟಿಗಿಂತ ಹಗುರ. ಹೆಸರು ಆಪ್ಟಿಮಿಸ್ಟ್, ಅಂದರೆ ಆಶಾವಾದಿ. ನಮ್ಮ ಜಿಲ್ಲೆಯವರಿಗೆ ಹೇಳಿ ಮಾಡಿಸಿದ ಹೆಸರು ಅಲ್ವಾ? ಅದು ಹುಟ್ಟಿದ್ದು 1947ರಲ್ಲಿ, ಅಮೆರಿಕದ ಫ್ಲೋರಿಡಾದ ಕ್ಲಿಯರ್‌ವಾಟರ್ ಅನ್ನುವ ಊರಿನಲ್ಲಿ. ಊರಿನ ಹೆಸರೇ ತಿಳಿನೀರು. ಆಶಾವಾದಿ ಮಾತ್ರ ನಮ್ಮ ತನಕ ಬಂದ, ತಿಳಿನೀರು ಅಲ್ಲೇ ಉಳಿಯಿತು. ಆದರೆ ಆ ದೋಣಿ 15 ವರ್ಷದೊಳಗಿನ ಮಕ್ಕಳದ್ದು. ನನ್ನ ತೂಕ 82. ದೊಡ್ಡವರಿಗೆ ಅಂತ ಇರುವುದು ಲೇಸರ್. ಈಗ ಅದಕ್ಕೆ ಐಎಲ್‌ಸಿಎ ಅನ್ನುತ್ತಾರೆ. ಸುಮಾರು 14 ಅಡಿ ಉದ್ದ, ಒಬ್ಬರೇ ನಡೆಸಬಹುದು, 1996ರಿಂದ ಒಲಿಂಪಿಕ್ಸ್‌ನಲ್ಲೂ ಇದೆ. ನಮ್ಮ ಬೀದಿಯ ಟಾಟಾ ಏಸ್ ಹುಡುಗನನ್ನು ತರುತ್ತೀಯಾ ಅಂತ ಕೇಳಿದೆ. ‘ಹದಿನಾಲ್ಕಡಿನಾ? ಅರ್ಧ ಹೊರಗೆ ನೇತಾಡ್ತದಣ್ಣ. ಕೆಂಪು ಬಟ್ಟೆ ಕಟ್ಕೊಂಡು ತರಬೇಕು. ಏನಣ್ಣ ಅದು, ಕೇಸಿಂಗ್ ಪೈಪಾ?’ ಅಂದ.

ಮನೆಯಲ್ಲಿ ವಿಷಯ ತೆಗೆದೆ. ನಮ್ಮ ಬೀದಿಗೆ ನಲ್ಲಿ ನೀರು ವಾರಕ್ಕೊಂದು ಸಲ, ಅದೂ ರಾತ್ರಿ ಎರಡು ಗಂಟೆಗೆ. ಮನೆಯಾಕೆ ಬಿಂದಿಗೆ ತೊಳೆಯುತ್ತಾ ‘ತಗೊಳ್ಳಿ, ಬೇಡ ಅನ್ನಲ್ಲ. ಎಲ್ಲಿ ಬಿಡ್ತೀರ, ಸಂಪಲ್ಲಾ?’ ಅಂದಳು.

ಪಕ್ಕದ ತೋಟದ ಅಣ್ಣ ತೆಲುಗಿನಲ್ಲಿ ಇನ್ನೂ ಚಿಕ್ಕದಾಗಿ ಕೇಳಿದ. ‘ನೀಳ್ಳು ಯಾಡುಂದಪ್ಪಾ?’ ನೀರೆಲ್ಲಿದೆ ಅಂತ. ಕೇಳುವ ಹಕ್ಕು ಅವನಿಗಿದೆ. ಐದು ಬೋರ್ ಕೊರೆಸಿದ್ದಾನೆ. ಪ್ರತಿ ಸಲವೂ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಪಾಯಿಂಟ್ ನೋಡುವವರು ಬಂದರು, ಕಾಯಿ ಎದ್ದು ನಿಂತಿತು, ನೀರು ಏಳಲಿಲ್ಲ. ಕೊನೆಯದು 1,500 ಅಡಿ. ಬಂದಿದ್ದು ಹಿಟ್ಟಿನಂಥ ಬಿಳಿ ಧೂಳು. ಸಮುದ್ರದ ದಡದಿಂದ ಎಷ್ಟೋ ಕಿಲೋಮೀಟರ್ ಒಳಗೆ ಹೋದರೂ ತಳ ಸಾಮಾನ್ಯವಾಗಿ 200 ಮೀಟರಿನೊಳಗೇ ಸಿಗುತ್ತದೆ. ನಮ್ಮಣ್ಣ ಅದರ ಎರಡರಷ್ಟು ಇಳಿದಿದ್ದಾನೆ. ಸಮುದ್ರಕ್ಕಿಂತ ಆಳ ನೋಡಿ ಬಂದವನು ನನ್ನ ದೋಣಿ ನೋಡಿ ನಗುತ್ತಾನೆ. (ಜಿಲ್ಲೆಯಲ್ಲಿ ನೀರು ಇಲ್ಲವೇ ಇಲ್ಲ ಅನ್ನುವುದೂ ತಪ್ಪು. ಕೆಜಿಎಫ್‌ನಲ್ಲಿ 2001ರಲ್ಲಿ ಮುಚ್ಚಿದ ಚಿನ್ನದ ಗಣಿಯೊಳಗೆ ಬೇಕಾದಷ್ಟು ನಿಂತಿದೆ. ಅಲ್ಲಿ ಗಾಳಿಯದೇ ತೊಂದರೆ.)

ಗಾಳಿಗೆ ಮಾತ್ರ ನಮ್ಮಲ್ಲಿ ಮೇಲೆ ಬರವಿಲ್ಲ. ಆಷಾಢದಲ್ಲಿ ಒಣಹಾಕಿದ ಪಂಚೆ ಮೂರನೇ ಮನೆಯಲ್ಲಿ ಸಿಗುತ್ತದೆ. ಜಾಗಕ್ಕೂ ಬರವಿಲ್ಲ. ಚಿಕ್ಕಬಳ್ಳಾಪುರ 2007ರಲ್ಲಿ ಬೇರೆಯಾಗುವ ಮುಂಚೆ ನಮ್ಮದು 4,000ಕ್ಕೂ ಜಾಸ್ತಿ ಕೆರೆಗಳ ಜಿಲ್ಲೆ. ಗಾಳಿ ಇದೆ, ಕೆರೆ ಇದೆ. ನಡುವೆ ಒಂದೇ ಒಂದು ಸಾಮಾನು ಕಡಿಮೆ. ಆ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ತಂದವನು ನಾನಾದರೆ ಹುಚ್ಚ, ಇಲಾಖೆಯಾದರೆ ಪ್ರವಾಸೋದ್ಯಮ.

ನೀರು ಬರುವುದಿಲ್ಲ ಅಂತಲ್ಲ, ಬರುತ್ತಲೇ ಇದೆ. ಎತ್ತಿನಹೊಳೆಯಿಂದ ಹೊರಟಿದೆ. ಸಕಲೇಶಪುರದ ಕಡೆಯ ಹಳ್ಳದ ನೀರನ್ನು ಎತ್ತಿ ನಮ್ಮ ಕಡೆಗೆ ತರುವ ಯೋಜನೆ. 2012ರ ಅಂದಾಜು 8,323 ಕೋಟಿ. 2014ರಲ್ಲಿ ಚಿಕ್ಕಬಳ್ಳಾಪುರದ ಕಡೆ ಶಂಕುಸ್ಥಾಪನೆ ಆಗುವ ಹೊತ್ತಿಗೆ 12,912 ಕೋಟಿ. ಆಮೇಲೆ 23 ಸಾವಿರ ಕೋಟಿ ದಾಟಿತು. ನೀರಿಗಿಂತ ಮೊದಲು ಅಂದಾಜು ಕೋಡಿ ಬಿತ್ತು.

ಜನ ಬೈಯುತ್ತಾರೆ. ನಾನು ಬೈಯುವುದಿಲ್ಲ, ಯಾಕೆಂದರೆ ನಾನು ಒಂದು ಬೆಳಗ್ಗೆ ಸೈಲಿಂಗ್ ಕಲಿತವನು. ಹಾಯಿ ದೋಣಿ ಎದುರುಗಾಳಿಗೆ ನೇರವಾಗಿ ಹೋಗುವುದಿಲ್ಲ. ಸುಮಾರು 45 ಡಿಗ್ರಿ ಎಡಕ್ಕೆ ಹೋಗಬೇಕು, ತಿರುಗಬೇಕು, ಆಮೇಲೆ 45 ಡಿಗ್ರಿ ಬಲಕ್ಕೆ. ಹಾವಿನ ಹಾಗೆ. ದಡದಲ್ಲಿ ನಿಂತವನಿಗೆ ಇವನು ಎಲ್ಲಿಗೋ ಹೋಗುತ್ತಿದ್ದಾನೆ ಅನ್ನಿಸುತ್ತದೆ. ಎತ್ತಿನಹೊಳೆಯದೂ ಅದೇ ವರಸೆ. 2024ರ ಸೆಪ್ಟೆಂಬರ್ 6ರಂದು, ಗೌರಿಹಬ್ಬದ ದಿನ, ಮೊದಲ ಹಂತದ ಉದ್ಘಾಟನೆ ಆಯಿತು. ನೀರು ಎದ್ದಿತು. ಟಿವಿಯಲ್ಲಿ ನೋಡಿ ನಾನು ಆಪ್ಟಿಮಿಸ್ಟ್ ಆದೆ. ಮುಂದಿನ ಕಾಲುವೆ ಇನ್ನೂ ಮುಗಿದಿರಲಿಲ್ಲ. ಹಾಗಾಗಿ ನೀರನ್ನು ವಾಣಿವಿಲಾಸ ಸಾಗರದ ಕಡೆ ತಿರುಗಿಸಿದರು. ಮುಖ ಕೋಲಾರದ ಕಡೆ, ದೋಣಿ ಹಿರಿಯೂರಿನ ಕಡೆ. ಸೈಲಿಂಗ್ ಗೊತ್ತಿಲ್ಲದವರು ಇದಕ್ಕೆ ಮೋಸ ಅಂದರು.

ಅಷ್ಟರೊಳಗೆ ಇನ್ನೊಂದು ದಿಕ್ಕಿನಿಂದ ನೀರು ಬಂದಾಗಿತ್ತು. ಕೆಸಿ ವ್ಯಾಲಿ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಡುವುದು. ಲೆಕ್ಕ ದಿನಕ್ಕೆ 44 ಕೋಟಿ ಲೀಟರ್, 126 ಕೆರೆ. 2018ರ ಜೂನ್‌ನಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಜನ ಅರಿಶಿನ ಕುಂಕುಮ ಹಿಡಿದು ಹೋದರು. ಮುಂದಿನ ತಿಂಗಳು ನೊರೆಯೂ ಬಂತು. ನಾವು ಮೂರನೇ ಹಂತವೂ ಶುದ್ಧ ಮಾಡಿ ಅಂತ ಕೇಳುತ್ತಲೇ ಇದ್ದೇವೆ. ಅಂತರ್ಜಲ ಮೇಲೆ ಬಂದಿದ್ದು ಸುಳ್ಳಲ್ಲ, ಎಷ್ಟೋ ಸತ್ತ ಬೋರ್‌ಗಳು ಎದ್ದಿವೆ. ಅದನ್ನು ಇಲ್ಲ ಅಂದರೆ ನಾಲಿಗೆ ಬಿದ್ದು ಹೋಗುತ್ತದೆ.

ನನಗೆ ಕಾಡಿದ್ದು ಬೇರೆ. ಬೆಂಗಳೂರಿನವರು ಕುಡಿಯುವುದು, ಮೀಯುವುದು ಬಹುಪಾಲು ಕಾವೇರಿ. ಕೆಆರ್‌ಎಸ್‌ನಿಂದ ಇಳಿದು, ತೊರೆಕಾಡನಹಳ್ಳಿಯಲ್ಲಿ ಸೋಸಿಸಿಕೊಂಡು, ಸುಮಾರು 100 ಕಿಲೋಮೀಟರ್ ಪೈಪಿನಲ್ಲಿ ಹತ್ತಿ ಬರುವ ನೀರು. ಅಂದರೆ ನನ್ನ ಹಣೆಗೆ ಬೂಮ್ ಬಡಿದ ದಿನ ದೋಣಿಯ ಕೆಳಗಿದ್ದ ನೀರೇ ಬೆಂಗಳೂರಿನ ಯಾರದೋ ಬಚ್ಚಲು ಹೊಕ್ಕು, ಶಾಂಪೂ ಹಚ್ಚಿಕೊಂಡು, ನಮ್ಮೂರ ಕೆರೆಗೆ ಬಂದಿರಬಹುದು. ನಾನು ದೋಣಿ ತರುವ ಮುಂಚೆ ಅದೇ ನನ್ನನ್ನು ಹುಡುಕಿಕೊಂಡು ಬಂತಲ್ಲ ಅಂತ ಕರುಳು ಚುರುಕ್ ಅಂದಿತು. ಅಲ್ಲಿ ಯಾರೋ ಎರಡು ಚೊಂಬು ಜಾಸ್ತಿ ಹುಯ್ದುಕೊಂಡರೆ ಇಲ್ಲಿ ನಮಗೆ ಒಳಹರಿವು.

ಕೆರೆ ಮುಕ್ಕಾಲು ತುಂಬಿದ ದಿನ ಓಡಿಹೋಗಿ ನೋಡಿದೆ. ನೀರು ಕಾಣಲಿಲ್ಲ. ಈ ಏರಿಯಿಂದ ಆ ತುದಿಯವರೆಗೆ ಹಸಿರು ಚಾಪೆ. ಅಂತರಗಂಗೆ. ನಮ್ಮ ಜಿಲ್ಲೆಯ ಅದೃಷ್ಟ ನೋಡಿ, ಎರಡು ಅಂತರಗಂಗೆ. ಒಂದು ಬೆಟ್ಟದ ಮೇಲೆ, ಕಲ್ಲು ಬಸವಣ್ಣನ ಬಾಯಿಂದ ವರ್ಷವಿಡೀ ತಣ್ಣಗೆ ಸುರಿಯುವುದು. ಇನ್ನೊಂದು ಕೆರೆ ತುಂಬ ಹಬ್ಬುವುದು. ಮೇಲಿನದನ್ನು ಕೈ ಒಡ್ಡಿ ಕುಡಿಯುತ್ತೇವೆ, ಕೆಳಗಿನದನ್ನು ಜೆಸಿಬಿಯಲ್ಲಿ ಬಾಚುತ್ತೇವೆ. ಹುಡುಗರು ಪಿಚ್ಚನ್ನು ಇನ್ನೂರು ಗಜ ಹಿಂದಕ್ಕೆ ಸರಿಸಿಕೊಂಡಿದ್ದರು. ಬೋರ್ಡ್ ಮಾತ್ರ ಇನ್ನೂ ಬೌಂಡರಿಯಲ್ಲೇ ಇತ್ತು.

ಆದರೂ ಆಫೀಸಿಗೆ ಹೋದೆ. ಯಾವ ಆಫೀಸು ಅಂತ ಕೇಳಬೇಡಿ, ಮೂರು ಕಡೆ ತಿರುಗಿ ನಾಲ್ಕನೆಯದರಲ್ಲಿ ಕುರ್ಚಿ ಸಿಕ್ಕಿತು.

‘ಸರ್, ಕೆರೆಯಲ್ಲಿ ದೋಣಿ ಬಿಡಬೇಕು, ಪರ್ಮಿಷನ್ ಬೇಕಿತ್ತು.’

‘ಆ ನೀರು ಕುಡಿಯೋ ಹಾಗಿಲ್ಲ.’

‘ಕುಡಿಯಲ್ಲ ಸರ್.’

‘ಪಂಪ್ ಇಟ್ಟು ಎತ್ತೋ ಹಾಗೂ ಇಲ್ಲ. ಅದು ಅಂತರ್ಜಲಕ್ಕೆ ಅಂತ ಬಿಟ್ಟಿರೋದು, ಇಂಗಬೇಕು.’

‘ಎತ್ತಲ್ಲ ಸರ್, ಮೇಲೆ ತೇಲ್ತೀನಿ ಅಷ್ಟೆ. ಇಂಗೋದಕ್ಕೆ ಅಡ್ಡ ಬರಲ್ಲ.’

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ‘ಮುಳುಗಿದರೆ?’

‘ನಿಮ್ಮ ಲೈಫ್ ಜಾಕೆಟ್ ಇದೆಯಲ್ಲ ಸರ್.’

‘ಅದು ಸ್ಟಾಕ್ ರಿಜಿಸ್ಟರಲ್ಲಿದೆ. ಕೊಟ್ಟರೆ ಉಪಯೋಗ ಆದ ಹಾಗಾಗುತ್ತೆ. ಆಮೇಲೆ ಆಡಿಟ್‌ಗೆ ಯಾರು ಉತ್ತರ ಕೊಡ್ತಾರೆ?’

‘ಹಂಸ ಆದರೂ ಬಿಡಬಹುದಲ್ಲ?’

‘ಒಂದರಲ್ಲಿ ಕೋಳಿ ಇದೆ’ ಅಂದರು. ವಿಷಯ ಅವರಿಗೂ ಗೊತ್ತಿತ್ತು.

ಹೊರಗೆ ಬಂದಾಗ ಅಟೆಂಡರ್ ಒಂದು ಬುದ್ಧಿಮಾತು ಹೇಳಿದ. ‘ಬೋಟು ಬೇಕಂದ್ರೆ ಇಲ್ಲಿ ಯಾಕೆ ಸಾರ್ ಒದ್ದಾಡ್ತೀರ? ಬೆಂಗಳೂರಲ್ಲಿ ಸೈಟ್ ತಗೊಳ್ಳಿ.’ ಸರಿ ಅನ್ನಿಸಿತು. 2022ರ ಸೆಪ್ಟೆಂಬರಿನಲ್ಲಿ ಔಟರ್ ರಿಂಗ್ ರೋಡಿನ ಆಸುಪಾಸು ಕೋಟಿ ಕೋಟಿ ಬೆಲೆಯ ಮನೆಗಳ ಬಾಗಿಲಿಗೇ ದೋಣಿ ಹೋಗಿತ್ತು. ದೋಣಿ ಸಿಗದವರು ಟ್ರ್ಯಾಕ್ಟರ್ ಹತ್ತಿದರು. ನಮ್ಮಲ್ಲಿ ಕೆರೆ ಮೈದಾನ ಆಗುತ್ತದೆ, ಅಲ್ಲಿ ಲೇಔಟ್ ಕೆರೆ ಆಗುತ್ತದೆ. ಪರ್ಮಿಷನ್ ಎರಡಕ್ಕೂ ಬೇಕಿಲ್ಲ.

ಹೀಗಾಗಿ ನಮ್ಮ ಸುತ್ತಮುತ್ತ ಸ್ವಂತ ದೋಣಿ ಇರುವುದು ಒಬ್ಬರಿಗೇ, ದೇವಸ್ಥಾನದ ಸ್ವಾಮಿಗೆ. ಎಂಟು ಖಾಲಿ ಡ್ರಮ್, ಮೇಲೆ ಬಿದಿರು, ಅದರ ಮೇಲೆ ಹಲಗೆ, ಬಾಳೆಕಂದು, ಸೀರಿಯಲ್ ಸೆಟ್ಟು. ವರ್ಷಕ್ಕೊಂದು ತೆಪ್ಪೋತ್ಸವ. ಕೆರೆಯಲ್ಲಿ ಮಾಡಬಾರದೇ ಅಂತ ಕೇಳಿದೆ. ಅರ್ಚಕರು ಕಿವಿ ಮುಟ್ಟಿಕೊಂಡರು. ಬೆಂಗಳೂರಿನವರು ಮಿಂದ ನೀರು ಸ್ವಾಮಿಗೆ ಆಗುವುದಿಲ್ಲವಂತೆ. ಕಲ್ಯಾಣಿಯೇ ಆಗಬೇಕು. ಕಲ್ಯಾಣಿ ಒಣಗಿ ಎಷ್ಟೋ ವರ್ಷ. ಆದ್ದರಿಂದ ಟ್ಯಾಂಕರ್. ಹನ್ನೆರಡು ಟ್ಯಾಂಕರ್ ಹುಯ್ದರೆ ಡ್ರಮ್ ನೆಲ ಬಿಡುತ್ತದೆ.

ನಾನು ನಾಲ್ಕು ಟ್ಯಾಂಕರಿನ ದುಡ್ಡು ಕೊಟ್ಟೆ. ರಸೀದಿಯಲ್ಲಿ ‘ತೆಪ್ಪ ಸೇವೆ’ ಅಂತ ಬರೆದರು. ಅದರ ಬಲದ ಮೇಲೆ ಒಂದು ಸುತ್ತು ನನ್ನನ್ನು ತೆಪ್ಪ ಹತ್ತಿಸಿದರು. ಕೈಗೆ ಒಂದು ಗಳ ಕೊಟ್ಟರು. ನಾದಸ್ವರ ಶುರುವಾಯಿತು. ಪಶ್ಚಿಮದಿಂದ ಒಳ್ಳೆ ಗಾಳಿ ಇತ್ತು. ಸ್ವಾಮಿಯ ಹಿಂದೆ ಕಟ್ಟಿದ್ದ ಜರತಾರಿ ಪರದೆ ಉಬ್ಬಿಕೊಂಡಿತು, ತೆಪ್ಪ ತಾನಾಗಿ ಒಂದು ಮಾರು ಸರಿಯಿತು. ನನ್ನ ಎದೆ ಢವಢವ ಅಂದಿತು. ಪರದೆಯ ಹಗ್ಗ ಸ್ವಲ್ಪ ಬಿಗಿದು ಹಿಡಿದೆ. ಅರ್ಚಕರು ‘ಅದನ್ನ ಯಾಕ್ರೀ ಎಳೀತೀರ?’ ಅಂದರು. ‘ಶೀಟ್ ಸ್ವಾಮಿ’ ಅಂದೆ. ಅವರಿಗೆ ಏನು ಕೇಳಿಸಿತೋ, ಮುಖ ಕೆಂಪಾಯಿತು. ಮುಂದಿನ ಸುತ್ತಿಗೆ ಇಳಿಸಿಬಿಟ್ಟರು.

ಮೆಟ್ಟಿಲ ಮೇಲೆ ಕೂತು ಮಿಕ್ಕ ಎರಡು ಸುತ್ತು ನೋಡಿದೆ. ಪಕ್ಕದಲ್ಲಿ ಟ್ಯಾಂಕರ್ ಹುಡುಗ ಹೆಗಲ ಮೇಲೆ ಪೈಪಿನ ಸುರುಳಿ ಹಾಕಿಕೊಂಡು ನಿಂತಿದ್ದ. ಮಂಗಳಾರತಿ ತಟ್ಟೆ ಬಂದಾಗ ಕಣ್ಣಿಗೆ ಒತ್ತಿಕೊಂಡು ನನ್ನ ಕಡೆ ಬಗ್ಗಿದ.

‘ಸ್ವಾಮಿ ಇಳೀತಾ ಅಣ್ಣ? ಬೆಳಗ್ಗೆ ಛತ್ರದಲ್ಲಿ ಮದುವೆ ಐತೆ. ನಾಲ್ಕು ಲೋಡ್ ವಾಪಸ್ ಎಳ್ಕೊಂಬಿಡ್ತೀನಿ.’