ಬೀದಿಯ ಕೊನೆಯಲ್ಲಿದ್ದ ಆ ಟೋಪಿ

ಭಾನುವಾರ ಮತ್ತೆ ಫ್ಲೋರಿಡಾದ ಒರ್ಲ್ಯಾಂಡೊಗೆ ಹೋಗಿದ್ದೆವು. ಡಿಸ್ನಿಯ ಹಾಲಿವುಡ್ ಸ್ಟುಡಿಯೋಸ್ ಅನ್ನೋ ಮೋಜಿನ ಪಾರ್ಕಿನ ಗೇಟು ದಾಟಿ ನಾಲ್ಕು ಹೆಜ್ಜೆ ಹಾಕಿಲ್ಲ, ಹಿಂದಿನಿಂದ ಒಬ್ಬ ಹುಡುಗ ಜೊತೆಯವಳಿಗೆ ಹೇಳುತ್ತಿದ್ದ: "ಟೋಪಿ ತೆಗೆದ ದಿನವೇ ಈ ಪಾರ್ಕಿನ ಕಳೆ ಹೋಯಿತು." ನನ್ನ ಮಗಳು ಹಿಂದಿರುಗಿ ನೋಡಿ "ನೂರಕ್ಕೆ ನೂರು ನಿಜ" ಅಂದಳು. ಗುರುತಿಲ್ಲ, ಪರಿಚಯವಿಲ್ಲ. ಇಬ್ಬರೂ ಅಲ್ಲೇ ನಿಂತು ಹತ್ತು ನಿಮಿಷ ಆ ಟೋಪಿಯ ಗುಣಗಾನ ಮಾಡಿದರು. ಟೋಪಿ ಅಂದರೆ ತಲೆಗೆ ಹಾಕುವುದಲ್ಲ, ಹಿಂದೆ ಈ ಪಾರ್ಕಿನಲ್ಲಿ ನಿಲ್ಲಿಸಿದ್ದ, ಕಟ್ಟಡದಷ್ಟು ಎತ್ತರದ ಮಿಕ್ಕಿ ಮೌಸ್ ಟೋಪಿ. ನನಗೆ ಮೈ ಉರಿದುಹೋಯಿತು. ಮನೆಗೆ ಬಂದು ಎರಡು ದಿನವಾದರೂ ಆರಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮಗೆಲ್ಲ ಗೊತ್ತೇ ಇದೆ, ನಾವು ಟ್ಯಾಂಪಾಕ್ಕೆ ಬಂದಿದ್ದು 1999ರಲ್ಲಿ. ಈ ಪಾರ್ಕಿಗೆ ಮೊದಲ ಸಲ ಹೋಗಿದ್ದು 2000ದಲ್ಲಿ. ಆಗ ಅದರ ಹೆಸರು ಡಿಸ್ನಿ-ಎಂಜಿಎಂ ಸ್ಟುಡಿಯೋಸ್. ಬ್ಯಾಗಿನಲ್ಲಿ ಒಗ್ಗರಣೆ ಮಂಡಕ್ಕಿ ಡಬ್ಬಿ, ಕೈಯಲ್ಲಿ ರೀಲು ಹಾಕುವ ಕ್ಯಾಮೆರಾ. ಒಳಗೆ ಕಾಲಿಟ್ಟರೆ ಹಾಲಿವುಡ್ ಬೋಲ್ವಾರ್ಡ್ ಅನ್ನೋ ಬೀದಿ. ಎರಡೂ ಕಡೆ ಹಳೇ ಕಾಲದ ಅಂಗಡಿಗಳು, ತೆಂಗಿನ ಜಾತಿಯ ಮರಗಳು. ಬೀದಿಯ ಕೊನೆಗೆ ನೇರವಾಗಿ ಚೈನೀಸ್ ಥಿಯೇಟರ್. ಕೆಂಪು ಕಂಬ, ಹಸಿರು ಮಾಡು, ಬಾಗಿಲ ಮೇಲೆ ಡ್ರ್ಯಾಗನ್. ಲಾಸ್ ಏಂಜಲೀಸ್‌ನಲ್ಲಿ 1927ರಲ್ಲಿ ಕಟ್ಟಿದ ಗ್ರೌಮನ್ಸ್ ಥಿಯೇಟರಿನ ಪಡಿಯಚ್ಚು ಅದು. ನಾನು ಹೊಸಪೇಟೆಯವಳು. ಹಂಪಿಯ ರಥಬೀದಿಯಲ್ಲಿ ನಡೆದೇ ಬೆಳೆದವಳು. ಬೀದಿಯಲ್ಲಿ ನಡೆಯುತ್ತಾ ಇದ್ದ ಹಾಗೆ ವಿರೂಪಾಕ್ಷನ ಗೋಪುರ ಹೇಗೆ ಹತ್ತಿರ ಬರುತ್ತೆ, ದೊಡ್ಡದಾಗ್ತಾ ಹೋಗುತ್ತೆ, ನಮ್ಮ ಕಾಲು ತಾನಾಗೇ ಅತ್ತ ಹೋಗುತ್ತೆ, ಅದು ನನ್ನ ಮೈಗೇ ಗೊತ್ತು. ಊರು ಬಿಟ್ಟು ಒಂದೇ ವರ್ಷವಾಗಿತ್ತು. ಆ ಬೀದಿಯಲ್ಲಿ ನಡೆಯುವಾಗ ಅದೇ ಆಯಿತು. ಕಣ್ಣು ತುಂಬಿ ಬಂತು. ಇವರು "ಏನಾಯ್ತೇ?" ಅಂದರು. ಏನಂತ ಹೇಳಲಿ?

ಮುಂದಿನ ವರ್ಷ, 2001ರಲ್ಲಿ, ವಾಲ್ಟ್ ಡಿಸ್ನಿ ಹುಟ್ಟಿ ನೂರು ವರ್ಷವಾಯಿತು ಅಂತ ದೊಡ್ಡ ಸಂಭ್ರಮ ಶುರುವಾಯಿತು. ಅದರ ಲೆಕ್ಕದಲ್ಲಿ ಬಂದದ್ದು ಈ ಟೋಪಿ. 1940ರ 'ಫ್ಯಾಂಟೇಸಿಯಾ' ಚಿತ್ರದಲ್ಲಿ ಮಿಕ್ಕಿ ತಲೆಗೇರಿಸಿಕೊಳ್ಳುವ ಮಾಂತ್ರಿಕನ ಟೋಪಿ. ನೀಲಿ ಬಣ್ಣ, ನಕ್ಷತ್ರ, ಚಂದ್ರ. ಎತ್ತರ 122 ಅಡಿ. ಅದನ್ನು ನಿಲ್ಲಿಸಿದ್ದು ಎಲ್ಲಿ? ಸರಿಯಾಗಿ ಥಿಯೇಟರಿನ ಎದುರಿಗೆ. ಗೇಟಿನಿಂದ ನೋಡಿದರೆ ಥಿಯೇಟರ್ ಅನ್ನೋದೇ ಇಲ್ಲ. ಅಷ್ಟು ದೊಡ್ಡ ಪಾರ್ಕು. ಸುತ್ತಮುತ್ತ ಅಷ್ಟು ಜಾಗ. ಇವರಿಗೆ ಅದೇ ಸ್ಥಳ ಬೇಕಾಗಿತ್ತಾ?

ನನ್ನ ಸಿಟ್ಟು ಟೋಪಿಯ ಮೇಲಲ್ಲ. ಟೋಪಿ ಚೆನ್ನಾಗಿಯೇ ಇತ್ತು. ಅದು ನಿಂತ ಜಾಗದ ಮೇಲೆ ನನ್ನ ಸಿಟ್ಟು.

ಇದನ್ನು ಕಲಿಸಿಕೊಟ್ಟಿದ್ದೇ ವಾಲ್ಟ್ ಡಿಸ್ನಿ. ಜನರನ್ನು ದೂರದಿಂದಲೇ ಸೆಳೆಯುವ ಎತ್ತರದ ಕಟ್ಟಡಕ್ಕೆ ಆತ 'ವೀನಿ' ಅನ್ನುತ್ತಿದ್ದ. ವೀನಿ ಅಂದರೆ ಸಾಸೇಜು. ಅದನ್ನು ತೋರಿಸಿದರೆ ನಾಯಿ ಹೇಗೆ ಹಿಂದೆ ಬರುತ್ತೋ, ಹಾಗೆ ಜನರ ಕಾಲು ಬರಬೇಕು ಅಂತ. 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ಶುರುವಾದಾಗ ಮೇನ್ ಸ್ಟ್ರೀಟಿನ ಕೊನೆಗೆ ಕೋಟೆ ಇಟ್ಟಿದ್ದು ಇದೇ ಕಾರಣಕ್ಕೆ. 1989ರ ಮೇ 1ರಂದು ತೆರೆದ ಈ ಪಾರ್ಕಿನಲ್ಲಿ ಕೋಟೆಯ ಜಾಗದಲ್ಲಿ ಥಿಯೇಟರ್ ಇತ್ತು. ಒಳಗೆ ಹಳೇ ಸಿನಿಮಾಗಳ ನಡುವೆ ಹಾದುಹೋಗುವ ಗ್ರೇಟ್ ಮೂವಿ ರೈಡ್. ಅಂಗಳದ ಸಿಮೆಂಟಿನಲ್ಲಿ ಬಂದುಹೋದ ಸಿನಿಮಾದವರ ಅಂಗೈ ಗುರುತು. ಮೊದಲ ಸಲ ಹೋದಾಗ ನಾನು ಬಗ್ಗಿ ಒಂದು ಗುರುತಿನಲ್ಲಿ ನನ್ನ ಅಂಗೈ ಇಟ್ಟು ನೋಡಿದ್ದೆ. ಬಿಸಿಲಿಗೆ ಸಿಮೆಂಟು ಕಾದಿತ್ತು. ಬೆರಳ ಸಂದಿನಲ್ಲಿ ಯಾರೋ ಬೀಳಿಸಿದ ಪಾಪ್‌ಕಾರ್ನ್ ಒಂದು ಕೂತಿತ್ತು. ಬೀದಿ, ಅಂಗಳ, ಬಾಗಿಲು, ರೈಡ್, ಎಲ್ಲಾ ಒಂದೇ ದಾರ. ಆ ದಾರದ ನಡುವೆ ತಂದು ಟೋಪಿ ನಿಲ್ಲಿಸಿದರು, ಅದರ ಬುಡದಲ್ಲಿ ಬಟ್ಟೆಗೆ ಚುಚ್ಚಿಕೊಳ್ಳುವ ಡಿಸ್ನಿ ಪಿನ್ ಮಾರುವ ಅಂಗಡಿ ಇಟ್ಟರು.

ಸಂಭ್ರಮಕ್ಕೆ ಅಂತ ಇಟ್ಟಿದ್ದು ತಾನೇ? ಸಂಭ್ರಮ ಮುಗಿದ ಮೇಲೆ ತೆಗೆಯಬೇಕಲ್ವಾ? ಮದುವೆ ಚಪ್ಪರವನ್ನು ಯಾರಾದರೂ ಹದಿಮೂರು ವರ್ಷ ಬಿಡುತ್ತಾರಾ? 1996ರಲ್ಲಿ, ಈ ಪಾರ್ಕೂ ಸೇರಿರುವ ಡಿಸ್ನಿ ವರ್ಲ್ಡಿನ 25ನೇ ವರ್ಷಕ್ಕೆ ಸಿಂಡರೆಲ್ಲಾ ಕೋಟೆಯನ್ನು ಗುಲಾಬಿ ಬಣ್ಣದ ಕೇಕಿನ ಹಾಗೆ ಮಾಡಿದ್ದರು. ಬಹಳ ಜನಕ್ಕೆ ಹಿಡಿಸಲಿಲ್ಲ. ಆದರೆ ಹಬ್ಬ ಮುಗಿದ ಮೇಲೆ ಕೋಟೆಯನ್ನು ಮೊದಲಿನ ಹಾಗೇ ಮಾಡಿದರು. ಅದು ಮರ್ಯಾದೆ. ಪಕ್ಕದ ಎಪ್ಕಾಟ್ ಪಾರ್ಕಿನಲ್ಲಿ ಹಾಗಾಗಲಿಲ್ಲ. 2000ನೇ ಇಸವಿಗೆ ಅಂತ ಅಲ್ಲಿನ ದೊಡ್ಡ ಗೋಳದ ಪಕ್ಕದಲ್ಲಿ ಮಿಕ್ಕಿಯ ಕೈ, ಮಂತ್ರದಂಡ ನಿಲ್ಲಿಸಿದರು. ವರ್ಷ ಕಳೆದ ಮೇಲೆ '2000' ಅನ್ನೋದನ್ನು ತೆಗೆದು 'ಎಪ್ಕಾಟ್' ಅಂತ ಬರೆದರು. ಅದನ್ನು ಇಳಿಸಿದ್ದು 2007ರಲ್ಲಿ. ನಮ್ಮ ಟೋಪಿಯಂತೂ 2015ರ ಜನವರಿ ತನಕ ನಿಂತಿತ್ತು. ಅಷ್ಟರಲ್ಲಿ ಪಾರ್ಕಿನ ಹೆಸರೇ ಬದಲಾಗಿತ್ತು.

ಮೊನ್ನೆ ಆ ಹುಡುಗ ಐಫೆಲ್ ಟವರಿನ ಮಾತು ತೆಗೆದ. ಅದನ್ನೂ 1889ರ ವಸ್ತುಪ್ರದರ್ಶನಕ್ಕೆ ಅಂತ ಕಟ್ಟಿದ್ದು, ಇಪ್ಪತ್ತು ವರ್ಷದ ನಂತರ ಇಳಿಸಬೇಕಿತ್ತು, ಪ್ಯಾರಿಸ್ಸಿನ ಕಲಾವಿದರೇ ಬೇಡ ಅಂದಿದ್ದರು, ಈಗ ನೋಡಿ ಅಂದ. ನಿಜ, ಒಪ್ಪುತ್ತೇನೆ. ಆದರೆ ಐಫೆಲ್ ಟವರನ್ನು ನೋಟರ್ ಡಾಮ್ ಚರ್ಚಿನ ಬಾಗಿಲಿಗೆ ಅಡ್ಡ ಕಟ್ಟಲಿಲ್ಲವಲ್ಲ! ಅದು ತನ್ನ ಜಾಗದಲ್ಲಿ ತಾನು ನಿಂತಿತು. ರೇಡಿಯೋ ಕಂಬವಾಗಿ ಕೆಲಸಕ್ಕೂ ಬಂತು.

ಇನ್ನೊಂದು ಮಾತು ಹೇಳಿದ. ಥಿಯೇಟರೇ ನಕಲು, ಅದಕ್ಕೇಕೆ ಇಷ್ಟು ಮರುಕ ಅಂತ. ನಕಲಾದರೂ ಮೂಲ ಕಟ್ಟಡದ ನಕ್ಷೆ ಇಟ್ಟುಕೊಂಡು ಕಟ್ಟಿದ್ದು. ಇಡೀ ಬೀದಿ ಹಾಲಿವುಡ್ಡಿನ ಕತೆ ಹೇಳುತ್ತೆ. ಆ ಕತೆಯ ಕೊನೆಗೆ ಥಿಯೇಟರ್ ಇರಬೇಕು. ಅಲ್ಲಿ ಟೋಪಿಗೆ ಏನು ಕೆಲಸ?

ಹಂಪಿ ಅಂದೆನಲ್ಲ, ನೀವು 2011ರಲ್ಲಿ ರಥಬೀದಿ ತೆರವು ಮಾಡಿದ್ದನ್ನು ನೆನಪಿಸಬಹುದು. ಅದನ್ನು ಇದರ ಜೊತೆ ಸೇರಿಸಬೇಡಿ. ಅಲ್ಲಿ ಜನ ಬಾಳುತ್ತಿದ್ದರು, ಒಲೆ ಉರಿಯುತ್ತಿತ್ತು. ಅದರ ನೋವೇ ಬೇರೆ.

ಒಂದು ಮಾತಿಗೆ ಮಾತ್ರ ನನ್ನ ಹತ್ತಿರ ಉತ್ತರವಿಲ್ಲ. ಟೋಪಿ ತೆಗೆದು ಥಿಯೇಟರ್ ತೋರಿಸಿದರು. ಎರಡೂವರೆ ವರ್ಷಕ್ಕೆ, 2017ರ ಆಗಸ್ಟ್ 13ಕ್ಕೆ, ಒಳಗಿನ ಗ್ರೇಟ್ ಮೂವಿ ರೈಡನ್ನೇ ಮುಚ್ಚಿದರು. 2020ರ ಮಾರ್ಚಿನಿಂದ ಅಲ್ಲಿ ಮಿಕ್ಕಿ-ಮಿನ್ನಿಯ ರೈಲು. "ಹೊರಗಿನ ಮಿಕ್ಕಿಯನ್ನು ತೆಗೆಯಿರಿ ಅಂದಿರಿ, ಈಗ ಒಳಗೇ ಬಂದು ಕೂತ" ಅಂದಳು ಮಗಳು. ನನಗೆ ಹೊಟ್ಟೆಯಲ್ಲಿ ಕಲ್ಲು ಇಟ್ಟ ಹಾಗಾಯಿತು. ಆ ರೈಡಿನ ಕೊನೇ ವಾರ ನಾನು ಹೋಗಲು ಆಗಲಿಲ್ಲ. ಇವತ್ತಿಗೂ ಆ ಬೇಜಾರು ಇದೆ. ಆದರೂ ಬೀದಿಯ ಕೊನೆಗೆ ಆ ಮಾಡು, ಆ ಕಂಬ ಕಾಣುತ್ತಲ್ಲ, ಅಷ್ಟು ಉಳಿದಿದೆ.

ಈಗ ಇದನ್ನೂ ಹೇಳಿಬಿಡುತ್ತೇನೆ. ಮಗಳು ಹುಟ್ಟಿದ್ದು 2003ರಲ್ಲಿ. ಅವಳ ಪಾಲಿಗೆ ಆ ಪಾರ್ಕು ಅಂದರೆ ಟೋಪಿ. ಮೂರು ವರ್ಷದವಳಿದ್ದಾಗಿನ ಫೋಟೋ ಒಂದಿದೆ, ನಮ್ಮ ಹಾಲಿನಲ್ಲಿ ನೀವೂ ನೋಡಿದ್ದೀರಿ. ಒಂದು ಚಪ್ಪಲಿಯ ಪಟ್ಟಿ ಬಿಚ್ಚಿಕೊಂಡಿದೆ, ಬಾಯಿ ತುಂಬಾ ಐಸ್‌ಕ್ರೀಮು, ಹಿಂದೆ ಪೂರ್ತಿ ನೀಲಿ. 2015ರ ಜನವರಿ ಕೊನೆಗೆ ಹೋದಾಗ ಟೋಪಿಯನ್ನು ಬಿಚ್ಚುತ್ತಿದ್ದರು. ಸುತ್ತ ತಡಿಕೆ, ಮೇಲೆ ನೀಲಿ ಕಳಚಿ ಬರೀ ಕಬ್ಬಿಣ. ನಾನು ಜೋರಾಗಿ "ಅಬ್ಬಾ, ಕೊನೆಗೂ!" ಅಂದೆ. ಪಕ್ಕದಲ್ಲಿ ಹನ್ನೊಂದು ವರ್ಷದ ಹುಡುಗಿ ಸದ್ದಿಲ್ಲದೆ ಅಳುತ್ತಿದ್ದಳು. ನಾನು ನೋಡಲಿಲ್ಲ. ಅವತ್ತು ಅತ್ತಿದ್ದೆ ಅಂತ ಅವಳು ನನಗೆ ಹೇಳಿದ್ದು ಈ ಭಾನುವಾರ, ಆ ಹುಡುಗ ಹೋದ ಮೇಲೆ. ಹತ್ತು ವರ್ಷದ ಮೇಲಾಯಿತು! ನನ್ನ ಮಗು ಅತ್ತಿದ್ದು ನನಗೆ ಗೊತ್ತಾಗಲಿಲ್ಲ ಅನ್ನೋದು ಇನ್ನೂ ಚುಚ್ಚುತ್ತಿದೆ.

ಹಾಗಂತ ನನ್ನ ಮಾತು ಬದಲಾಗಿಲ್ಲ. ಟೋಪಿ ಹೋಗಿದ್ದು ಸರಿ. ಇನ್ನೂ ಹತ್ತು ವರ್ಷ ಮೊದಲೇ ಹೋಗಬೇಕಿತ್ತು. ಆಗ ಇಷ್ಟು ಮಕ್ಕಳು ಅದಕ್ಕೆ ಅಂಟಿಕೊಳ್ಳುತ್ತಿರಲಿಲ್ಲ. ತಾತ್ಕಾಲಿಕ ಅಂತ ಇಟ್ಟು, ಮರೆತವರ ಹಾಗೆ ಹದಿಮೂರು ವರ್ಷ ಬಿಟ್ಟು, ಒಂದು ತಲೆಮಾರು ಅದರ ನೆರಳಲ್ಲಿ ಬೆಳೆದ ಮೇಲೆ ಕಿತ್ತರು. ನನ್ನಿಂದ ಥಿಯೇಟರ್ ಕಿತ್ತುಕೊಂಡರು, ಅವಳಿಂದ ಟೋಪಿ ಕಿತ್ತುಕೊಂಡರು. ಈಗ ನಾವಿಬ್ಬರು ಜಗಳ ಆಡುತ್ತಿದ್ದೇವೆ.

ಸಂಜೆ ಹೊರಡುವ ಮೊದಲು ಅವಳು "ಅಮ್ಮಾ, ಟೋಪಿ ಸರಿಯಾಗಿ ಎಲ್ಲಿತ್ತು, ತೋರಿಸು" ಅಂದಳು. ಥಿಯೇಟರ್ ಅಂಗಳದಿಂದ ಹಿಂದಕ್ಕೆ ನಡೆದು ಅಂದಾಜಿಗೆ ಒಂದು ಜಾಗ ತೋರಿಸಿದೆ. ಅವಳು ಫೋನಿನಲ್ಲಿ ಹಳೇ ಫೋಟೋ ತೆಗೆದು, "ಇಲ್ಲ, ಇನ್ನೂ ಸ್ವಲ್ಪ ಈ ಕಡೆ" ಅಂತ ಎರಡು ಹೆಜ್ಜೆ ಸರಿದು ನಿಂತಳು. ಚಪ್ಪಲಿಯ ಪಟ್ಟಿ ತಾನಾಗೇ ಬಿಚ್ಚಿಕೊಂಡಳು. ಫೋಟೋ ನಾನೇ ತೆಗೆದೆ. ಹಿಂದೆ ಹಸಿರು ಮಾಡಿನ ಮೇಲೆ ಆಗಷ್ಟೇ ದೀಪ ಹತ್ತಿತ್ತು.