ಬಿಡಿಭಾಗ ಎಣಿಸುವ ಮೊದಲು ವೀಸಾ ನೋಡಿಕೊಳ್ಳಿ

ಅಮೆರಿಕದಲ್ಲಿ ಬಿಡಿಭಾಗ ತರಿಸಿ ಮನೆಯಲ್ಲೇ ರೈಫಲ್ ಜೋಡಿಸಿಕೊಳ್ಳಬಹುದು ಎಂದು ನೀವು ಪ್ರಕಟಿಸಿದ ಲೇಖನದಲ್ಲಿ ಲೇಖಕರು ಬರೆದಿದ್ದಾರೆ, ಅದನ್ನು ಕೊಡಗಿನ ಕೋವಿ ವಿನಾಯಿತಿಗೂ ಹೋಲಿಸಿದ್ದಾರೆ. ಸುಳ್ಳೇನಲ್ಲ, ಆದರೆ ಅರ್ಧ ಮಾತು. ವಿದೇಶಿ ಭಾಗಗಳಿಂದ ಕಲಾಶ್ನಿಕೋವ್ ಮಾದರಿಯ ಸೆಮಿ ಆಟೋಮ್ಯಾಟಿಕ್ ರೈಫಲ್ ಜೋಡಿಸುವವರನ್ನು ಅಲ್ಲಿನ ಫೆಡರಲ್ ಕಾನೂನಿನ 922(ಆರ್) ಎಂಬ ಕಲಮು ಹಿಡಿಯುತ್ತದೆ. ನಿಯಮದಲ್ಲಿ 20 ಭಾಗಗಳ ಪಟ್ಟಿಯಿದೆ. ಅವುಗಳಲ್ಲಿ ಆಮದಾದವು 10 ಮೀರುವಂತಿಲ್ಲ. ಗುಂಡು ತುಂಬುವ ಮ್ಯಾಗಜಿನ್ ನಮ್ಮ ಕಣ್ಣಿಗೆ ಒಂದೇ ವಸ್ತು. ಕಾನೂನಿಗೆ ಅದರ ಹೊರಕವಚ, ಗುಂಡನ್ನು ಮೇಲೆ ತಳ್ಳುವ ಫಾಲೋವರ್, ತಳದ ತಗಡು ಮೂರೂ ಬೇರೆ ಬೇರೆ! ಕ್ಯಾಲಿಫೋರ್ನಿಯಾದಂಥ ರಾಜ್ಯಗಳ ನಿಯಮ ಇನ್ನೂ ಬಿಗಿ.

ನನಗೆ ನಿಜಕ್ಕೂ ಆತಂಕ ತಂದದ್ದು ಬೇರೆ. ಇದನ್ನು ಓದುವ ನಮ್ಮ ಹುಡುಗರಲ್ಲಿ ಎಷ್ಟೋ ಮಂದಿ ಎಚ್-1ಬಿ ಎಂಬ ತಾತ್ಕಾಲಿಕ ಉದ್ಯೋಗ ವೀಸಾ ಮೇಲೆ ಹೋದವರು. ಅಂಥ ವೀಸಾದಲ್ಲಿರುವವರು ಬಂದೂಕಿರಲಿ, ಗುಂಡು ಇಟ್ಟುಕೊಂಡರೂ ಫೆಡರಲ್ ಅಪರಾಧ. ಬೇಟೆ ಪರವಾನಗಿ ಇದ್ದವರಿಗೆ ಸಿಗುವಂಥ ಕೆಲವೇ ವಿನಾಯಿತಿಗಳಿವೆ. ಗ್ರೀನ್ ಕಾರ್ಡ್, ಅಂದರೆ ಕಾಯಂ ವಾಸದ ಅನುಮತಿ, ಬಂದವರ ಮಾತು ಬೇರೆ.

ಇನ್ನು ಕೊಡಗಿನ ಹೋಲಿಕೆ ಇಲ್ಲಿ ಸಲ್ಲದು. ಕೊಡವರಿಗೂ ಜಮ್ಮಾ ಎಂಬ ಅಲ್ಲಿನ ಹಳೆಯ ಭೂಹಿಡುವಳಿ ಹೊಂದಿದವರಿಗೂ ಇರುವುದು ಕೋವಿ ಇಟ್ಟುಕೊಳ್ಳುವ ವಿನಾಯಿತಿ, ತಯಾರಿಸುವುದಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ತಯಾರಿಕೆಗೆ ಪರವಾನಗಿ ಬೇಕೇ ಬೇಕು. ವೀಸಾ ವಿಷಯವನ್ನಾದರೂ ಲೇಖನದ ಮೇಲ್ಭಾಗದಲ್ಲೇ ಸೇರಿಸಿ, ದಯವಿಟ್ಟು.